ಬಾಜೂ ಮನಿ ಅಜ್ಜಾರ ದುರ್ಬೀನು

ಹೋದ ನವೆಂಬರದಾಗ ಒಂದು ಶನಿವಾರ ಸಂಜೀಮುಂದ ನಾವು ಅಡಗಿ ಮನ್ಯಾಗ ಇದ್ವಿ. ನನ್ನ ಹೆಂಡ್ತಿ ಮಿರ್ಚಿ ಭಜಿಗೆ ಹಿಟ್ಟು ಕಲಸ್ಲಿಕತ್ತಿದ್ಲು, ನಾ ಮೆಣಸಿನಕಾಯಿ ಸೀಳ್ಲಿಕತ್ತಿದ್ದೆ. ಬಾಗಲಾ ಬಡದ ಸಪ್ಪಳಾತು. ನೋಡಿದ್ರ ಬಾಜೂ ಮನಿ ಅಜ್ಜಾರು. ಮೈಮ್ಯಾಲೆ ಕಣ್ಣಿಗೆ ಹೊಡಿಯೋವಂಥಾ ಕೇಸರಿ ಬಣ್ಣದ ಜಾಕೀಟು, ಕೈಯಾಗ ಎರಡು ಬ್ಯಾಟರಿ. ಮಾರಿ ಮಾತ್ರ ಸಾಲ್ಯಾಗ ನಾಪಾಸಾದ ಹುಡುಗನಂಗ ಆಗಿತ್ತು.

"ನಿನ್ನ ಕಣ್ಣು ಚೊಲೋ ಅವ, ಒಂದೀಟು ಬರ್ತೀ ಏನು? ಒಂದು ಜಿಂಕಿಗೆ ಪೆಟ್ಟು ಬಿದ್ದದ, ಸಿಗವಲ್ದು" ಅಂದ್ರು.

(ಅವರು ಅಂದದ್ದು ಇಂಗ್ಲೀಷಿನ್ಯಾಗ. ನನ್ನ ತಲಿಯೊಳಗ ಎಲ್ಲಾ ಹಾವೇರಿ-ಧಾರವಾಡದ ಮಾತಾಗೇ ಇಳೀತದ, ಹಂಗಾಗಿ ಇನ್ನ ಮುಂದನೂ ಹಂಗ ಬರೀತೇನಿ.)

ನಾವು ಇರೂದು ಅಮೇರಿಕಾದ ವಿಸ್ಕಾನ್ಸಿನ್ ರಾಜ್ಯದಾಗ, ಮ್ಯಾಡಿಸನ್ನಿಂದ ಅರ್ಧಾ ತಾಸಿನ ಹಾದಿ. ಇಲ್ಲೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಬಂದೂಕಿನ ಜಿಂಕಿ ಬ್ಯಾಟಿ ಶುರು, ಒಂಬತ್ತು ದಿವಸ ನಡೀತದ. ಆ ಒಂಬತ್ತು ದಿವಸ ನಮ್ಮ ಕಡೆ ನವರಾತ್ರಿ ಇದ್ದಂಗ. ಫ್ಯಾಕ್ಟರ್‍ಯಾಗ ಮಂದಿ ರಜಾ ಹಾಕ್ತಾರ, ಹೊಟೇಲಿನ್ಯಾಗ ನಸಕಿನ್ಯಾಗ ನಾಷ್ಟಾ ಸಿಗ್ತದ, ಪೆಟ್ರೋಲ್ ಪಂಪಿನ್ಯಾಗ ಎಲ್ಲಾರೂ ಕೇಸರಿ ಬಣ್ಣದಾಗ. ನಮ್ಮದು ಪೂರ್ತಿ ಶಾಖಾಹಾರಿ ಮನಿ. ನಾವು ಬಂದ ಮದ್ಲನೇ ವರ್ಷ ಅಜ್ಜಾರು ಪ್ರೀತಿಲೇ ಒಂದು ಪೊಟ್ಣಾ ಜಿಂಕಿ ಮಾಂಸ ತಂದು ಕೊಟ್ಟಿದ್ರು. ಇಕಿ ಅದನ್ನ ಎರಡು ಬಟ್ಟಲೇ ಹಿಡದು, ನಕ್ಕೋತನ ವಾಪಸ್ ಕೊಟ್ಟು, ಮ್ಯಾಲೆ ಒಂದು ಡಬ್ಬಿ ಚುರಮರಿ ಉಂಡಿ ಇಟ್ಟು ಕಳಿಸಿದ್ಲು. ಅವತ್ತಿಂದ ಅವರು ನಮಗ ಮೇಪಲ್ ಗಿಡದ ಪಾಕ ಕೊಡ್ತಾರ, ಚಳಿಗಾಲದಾಗ ನಮ್ಮ ಅಂಗಳದ ಹಿಮಾನೂ ತಗೀತಾರ.

"ಶನಿವಾರ ಹಣಮಪ್ಪನ ವಾರ, ರಕ್ತಾ ಹುಡಕೋತ ಹೋಗ್ತೀರೇನ್ರಿ?" ಅಂದ್ಲು ಇಕಿ, ಕನ್ನಡದಾಗ. ಆಮ್ಯಾಲೆ ಅಜ್ಜಾರ ಮಾರಿ ನೋಡಿದ್ಲು. "ಹೋಗ್ರಿ ಹೋಗ್ರಿ. ಪಾಪ ಆ ಜೀವ ಎಲ್ಲೆ ನರಳ್ಲಿಕತ್ತದೋ ಏನೋ" ಅಂತ ಅಕಿನ ಒಲಿ ಆರಿಸಿದ್ಲು. ಅಜ್ಜಾರು ಕೊಟ್ಟ ಇನ್ನೊಂದು ಕೇಸರಿ ಜಾಕೀಟು ನಾ ಹಾಕ್ಕೊಂಡ ಮ್ಯಾಲೆ, "ಖಾವಿ ತೊಟ್ಟು ಬ್ಯಾಟಿಗೆ ಹೊಂಟ ಸ್ವಾಮಿಗೋಳನ್ನ ಇವತ್ತ ನೋಡಿದೆ" ಅಂತ ಒಂದು ಮಾತು ಅನಲಾರದನ ಬಿಡಲಿಲ್ಲ.

ಹಿಮದ ಮ್ಯಾಲೆ ರಕ್ತದ ಹನಿ ಹುಡಕೂದು ಸಸಾರ ಅಂತ ನಾ ತಿಳದಿದ್ದೆ. ಮದ್ಲ ಇತ್ತು. ಕುಂಕುಮ ಚೆಲ್ಲಿಧಂಗ ಕಾಣ್ತಿತ್ತು. ಆಮ್ಯಾಲೆ ಹತ್ತು ಹೆಜ್ಜಿಗೊಂದು, ಇಪ್ಪತ್ತು ಹೆಜ್ಜಿಗೊಂದು. ಸಣ್ಣ ಹಳ್ಳದ ದಂಡಿಗೆ ಬಂದ ಮ್ಯಾಲೆ ಏನೂ ಇಲ್ಲ. ಹಳ್ಳ ದಾಟಿ ಆ ಕಡೆ ಒಂದು ತಾಸು ಹುಡಕಿದ್ವಿ. ರಾತ್ರಿ ಹತ್ತೂವರಿ ಆತು. ಅಜ್ಜಾರು ಬಿದ್ದ ಗಿಡದ ಬೊಡ್ಡಿ ಮ್ಯಾಲೆ ಕೂತು ಬ್ಯಾಟರಿ ಆರಿಸಿಬಿಟ್ರು.

"120 ಗಜ ಇತ್ತು. ಸುಮ್ಮ ನಿಂತಿತ್ತು. ಬಂದೂಕು ಊರಿ ಹಿಡದಿದ್ದೆ. ಹಿಂತಾದ್ದು ತಪ್ಪಿಸಿದೆ ಅಂದ್ರ ನನ್ನ ಕಣ್ಣು ಹೋದುವು, ಕೈನೂ ಹೋದುವು. ಇದು ನಂದ ಕಡೀದು" ಅಂದ್ರು.

ಹನ್ನೆರಡು ವರ್ಷದವ್ರಿದ್ದಾಗಿಂದ ಬ್ಯಾಟಿ ಆಡ್ಯಾರ, ಈಗ ಎಪ್ಪತ್ನಾಕು. ಇಷ್ಟು ವರ್ಷದಾಗ ಪೆಟ್ಟು ತಿಂದು ಸಿಗಲಾರದ ಜಿಂಕಿ ಇದು ಮೂರನೇದ್ದಂತ. ಹಿಂದಿನ ಎರಡೂ ಯಾವ ಗಿಡದ ಬುಡಕ ನಿಂತಿದ್ವು ಅಂತ ಈಗೂ ಹೇಳ್ತಾರ. ನಾ ಬ್ಯಾಟಿ ಒಪ್ಪಾಂವ ಅಲ್ಲ. ರಾಣೆಬೆನ್ನೂರು ಕಡೆ ಜ್ವಾಳದ ಹೊಲದಾಗ ಚಿಗರಿ ಜಿಗಿಯೂದು ನೋಡಿ ಬೆಳದಾಂವ, ನಮ್ಮ ದೇಶದಾಗ 1972ರ ಕಾಯ್ದೆ ಬಂದ ಮ್ಯಾಲೆ ಅದೆಲ್ಲಾ ಬಂದ್. ಆದ್ರ ಅವತ್ತು ಕತ್ತಲ್ಯಾಗ ಆ ಮನಶ್ಯಾನ ಬಾಜೂಕ ಕೂತಾಗ, ಒಂದು ಪ್ರಾಣಿ ನರಳೋದು ಇವರಿಗೆ ನನಗಿಂತ ಕಡಿಮಿ ತ್ರಾಸ ಕೊಡ್ತದ ಅಂತ ನನಗ ಅನ್ನಿಸಲಿಲ್ಲ.

ನಾ ಒಂದ ಮಾತು ಕೇಳಿದೆ. "ಬಂದೂಕಿನ ಮ್ಯಾಲಿನ ದುರ್ಬೀನು ಏನರೆ ಸರದಿರಬೇಕಲ್ರಿ?"

"ಅದು ಸರಿಯಂಗಿಲ್ಲ" ಅಂದ್ರು. ಮಾತು ಮುಗೀತು. ಸೂರ್ಯ ಪಶ್ಚಿಮಕ್ಕ ಹುಟ್ಟಂಗಿಲ್ಲ ಅಂದಂಗ.

ಈ ದುರ್ಬೀನಿನ ಹಕೀಕತ್ತು ಹೇಳಬೇಕು. ಇಲ್ಲಿ ಮಂದಿ ಅದಕ್ಕ ಸ್ಕೋಪ್ ಅಂತಾರ. 1974ರಾಗ ಅವರಪ್ಪ ಒಂದು ಮಣಕ ಮಾರಿ ತಂದದ್ದದು. ಯಾವ ಕಂಪನಿದು ಅಂತ ಹೇಳಂಗಿಲ್ಲ, ಹೇಳಿದ್ರ ಅಜ್ಜಾರಿಗೆ ಬ್ಯಾಸರ ಆಗ್ತದ. ಅಪ್ಪ ಸತ್ತ ಮ್ಯಾಲೆ ಹೊಲ ಅಣ್ಣಗ ಹೋತು, ಬಂದೂಕು ಮತ್ತ ದುರ್ಬೀನು ಇವರಿಗೆ ಬಂತು. ಬಂದೂಕಿನ ಹಿಡಿಕಿ ಎರಡು ಸಲ ಬದಲ್ಯಾಗ್ಯದ. ದುರ್ಬೀನು ಮಾತ್ರ ಅದನ.

ಬ್ಯಾಟಿ ಶುರುವಾಗೋ ಹಿಂದಿನ ರಾತ್ರಿ ಅವರ ಗ್ಯಾರೇಜಿನ್ಯಾಗ ಮಂದಿ ಕೂಡ್ತಾರ. ಪ್ರತಿ ವರ್ಷ ನನಗೂ ಕರೀ ಬರ್ತದ, ನಾ ಗಿರ್ಮಿಟ್ ತಗೊಂಡು ಹೋಗ್ತೇನಿ. ಬಂದೂಕು ಮುಟ್ಟಂಗಿಲ್ಲ, ಮಾತು ಕೇಳ್ತೇನಿ. ಅಲ್ಲೆ ನಡಿಯೋ ಜಗಳ ಜಿಂಕಿಂದಲ್ಲ, ಬಂದೂಕಿಂದೂ ಅಲ್ಲ, ಈ ಸ್ಕೋಪಿಂದು. ನಮ್ಮ ಕಡೆ ಮದವಿ ಮನ್ಯಾಗ ಕುಕ್ಕರ ಹಾಕಿನ್ಸ್ ಚೊಲೋನೋ ಪ್ರೆಸ್ಟೀಜ್ ಚೊಲೋನೋ ಅಂತ ಹೆಣಮಕ್ಕಳು ಅರ್ಧಾ ತಾಸು ಮಾತಾಡೋದನ್ನ ನೀವು ಕೇಳಿರಬೇಕಲ್ಲ, ಅದರ ಗಂಡಮಕ್ಕಳ ಅವತಾರ ಇದು.

ಅಜ್ಜಿಯ ತಮ್ಮಗ ವೋರ್ಟೆಕ್ಸ್ ಬಿಟ್ರ ಬ್ಯಾರೆ ದೇವರಿಲ್ಲ. ಯಾಕ ಅಂದ್ರ ಅದು ನಮ್ಮ ವಿಸ್ಕಾನ್ಸಿನ್ನಿಂದು. ಮುಖ್ಯ ಕಚೇರಿ ಬಾರ್ನೆವೆಲ್ಡ್ ಊರಾಗ, ಇಲ್ಲಿಂದ ದೂರಿಲ್ಲ. ಟ್ರ್ಯಾಕ್ಟರಿನ ಗಾಲಿ ಕೆಳಗ ಸಿಕ್ಕು ಒಡದ್ರೂ ಪಾವತಿ ಕೇಳಲಾರದ ಬದಲಿ ಕೊಡ್ತಾರ ಅಂತ ಅಂವಾ ಎದಿ ಉಬ್ಬಸ್ತಾನ. ಅದು ಖರೇನ, ಅವರ ಗ್ಯಾರಂಟಿ ಹಂಗ ಅದ. "ಆದ್ರ ಮಾಡಿದ್ದು ಎಲ್ಲೆಪಾ, ಡಬ್ಬಿ ಮ್ಯಾಲೆ ಓದು" ಅಂತ ಇನ್ನೊಬ್ಬ ಚುಚ್ಚತಾನ. ಅವರ ಭಾಳಷ್ಟು ಮಾಲು ತಯಾರಾಗಿ ಬರೋದು ಜಪಾನ್, ಫಿಲಿಪ್ಪೀನ್ಸ್, ಚೀನಾದಿಂದ.

ಚುಚ್ಚಾಂವ ಲ್ಯೂಪೋಲ್ಡ್ ಭಕ್ತ. ಅದು ಓರೆಗಾನ್ ರಾಜ್ಯದ್ದು, ಮುಂದಿನ ತುದಿಗೆ ಬಂಗಾರ ಬಣ್ಣದ ಬಳಿ ಇರ್ತದ. 1907ರಾಗ ಸರ್ವೇ ಮಾಡೋ ಸಲಕರಣಿ ರಿಪೇರಿ ಅಂಗಡ್ಯಾಗಿ ಶುರುವಾದ ಕಂಪನಿ. ಇದನ್ನ ಕೇಳಿ ನನಗೂ ಅದರ ಮ್ಯಾಲೆ ಸ್ವಲ್ಪ ಪ್ರೀತಿ ಹುಟ್ಟಿತ್ತು, ಯಾಕಂದ್ರ ನಂದೂ ಅಳತಿ ಸಲಕರಣಿ ತಪಾಸ ಮಾಡೋ ನೌಕರಿ. ಮಾಲಕ ಬ್ಯಾಟಿಗೆ ಹೋದಾಗ ದುರ್ಬೀನಿನೊಳಗ ಮಂಜು ಕೂತು ಜಿಂಕಿ ತಪ್ಪಿತು, ಸಿಟ್ಟಿಗೆದ್ದು ತಾನ ಚೊಲೋದೊಂದು ಮಾಡ್ತೇನಂತ ಹೊಂಟ ಅನ್ನೋದು ಆ ಕಂಪನಿಯವ್ರ ಹೇಳೋ ಕಥಿ. 1947ರಾಗ ಅವರು ಕೊಳವಿಯೊಳಗ ನೈಟ್ರೋಜನ್ ತುಂಬಿ, ಹಸಿ ಒಳಗ ಹೋಗಧಂಗ ಮಾಡಿದ್ರು. ಈಗ ಎಲ್ಲಾರೂ ಹಿಂಗ ಗಾಳಿ ತಗದು ಒಣಾ ಅನಿಲ ತುಂಬ್ತಾರ.

ಅಜ್ಜಾರ ಮೊಮ್ಮಗ ಇನ್ನೂ ಹುಡುಗ. ಅಂವಗ ಐಡಾಹೋ ರಾಜ್ಯದ ನೈಟ್‌ಫೋರ್ಸ್ ಬೇಕು. ಬಂದೂಕು ಕೆಳಗ ಬಿದ್ರೂ ಗುರಿ ಸರಿಯಂಗಿಲ್ಲ ಅಂತ ಅದರ ಹೆಸರು. "ಹೌದಪಾ, ಅಷ್ಟು ಭಾರದ್ದು ಹೊತ್ತು ಗುಡ್ಡಾ ಹತ್ತಿದ್ರ ನೀನ ಬೀಳ್ತೀ" ಅಂತ ಉಳದವ್ರು ನಗ್ತಾರ. ಒಬ್ಬ ಡಾಕ್ಟರ ಬರ್ತಾನ, ಅಂವಂದು ಸ್ವರೋವ್‌ಸ್ಕಿ. ಇದನ್ನ ಮನಿಗೆ ಬಂದು ಹೇಳಿದ್ರ ನನ್ನ ಹೆಂಡ್ತಿ, "ಕಿವ್ಯಾಗಿನ ಹರಳಿನವ್ರೇನು? ಸುಳ್ಳ ಹೇಳಬ್ಯಾಡ್ರಿ" ಅಂದ್ಲು. ಅದ ಮನೆತನದವ್ರು, ಆಸ್ಟ್ರಿಯಾದ್ದು, 1949ರಾಗ ದುರ್ಬೀನಿನ ಕಂಪನಿ ಬ್ಯಾರೆ ಕಟ್ಯಾರ. "ಹಂಗಾದ್ರ ಅಂವಾ ಬಂದೂಕಿಗೆ ಓಲಿ ಹಾಕ್ಯಾನ, ನೀವು ನನಗ ಹಾಕ್ರಿ" ಅಂತ ಅವತ್ತಿಂದ ಅದೊಂದು ಮಾತು ನಮ್ಮ ಮನ್ಯಾಗ ಉಳದುಬಿಟ್ಟದ.

ಕಂಪನಿ ಹೆಸರಿನ ಮ್ಯಾಲಿನ ಮೋಹ ಹೆಂಥಾದು ಅನ್ನೋದಕ್ಕ ಇನ್ನೊಂದು. ಡೆನ್ವರಿನ ರೆಡ್‌ಫೀಲ್ಡ್ ಅಂತ ಹಳೇ ಕಂಪನಿ, ಭಾಳ ಹೆಸರಿತ್ತು, ಮುಚ್ಚಿಹೋತು. 2008ರಾಗ ಆ ಹೆಸರನ್ನ ಲ್ಯೂಪೋಲ್ಡ್‌ನವ್ರು ಕೊಂಡು ತಮ್ಮ ಮಾಲಿಗೆ ಹಾಕಿದ್ರು. ಗ್ಯಾರೇಜಿನ್ಯಾಗ ಒಬ್ಬ ಮುದುಕಪ್ಪ "ನಮ್ಮ ಮನ್ಯಾಗ ರೆಡ್‌ಫೀಲ್ಡ್ ಬಿಟ್ಟು ಬ್ಯಾರೆ ಬರಂಗಿಲ್ಲ, ಲ್ಯೂಪೋಲ್ಡ್ ನನಗ ಸೇರಂಗಿಲ್ಲ" ಅಂತಿದ್ದ. ಯಾರೂ ಅಂವಗ ಹೇಳಲಿಲ್ಲ. ನಾನೂ ಹೇಳಲಿಲ್ಲ, ಗಿರ್ಮಿಟ್ ನೀಡಿದೆ.

ನನ್ನ ನೌಕರಿ ಬುದ್ಧಿಗೆ ಮಾತ್ರ ಒಂದು ಸಂಶಯ ಕೊರೀತಿತ್ತು. ಇವರು ವರ್ಷಕ್ಕ ಎಷ್ಟು ಗುಂಡು ಹೊಡೀತಾರ? ಅಕ್ಟೋಬರದಾಗ ಕಾಗದದ ಮ್ಯಾಲೆ ಮೂರು, ಆಮ್ಯಾಲೆ ಜಿಂಕಿಗೆ ಒಂದೋ ಎರಡೋ. "ಮೂವತ್ತು ವರ್ಷದಾಗ ಒಂದು ಕೂದಲದಷ್ಟು ಸರದಿಲ್ಲ" ಅಂತ ಎದಿ ಬಡಕೊಳ್ಳಾಂವ ಮೂವತ್ತು ವರ್ಷದಾಗ ನೂರಾ ಐವತ್ತು ಗುಂಡು ಹೊಡದಿರ್ತಾನ ಅಷ್ಟ. "ಆ ಕಂಪನಿ ಕಸಾ" ಅಂತ ಬೈಯಾಂವ ಒಂದ ಒಂದು ಕೆಟ್ಟದ್ದನ್ನ ನೋಡಿರ್ತಾನ, ಅದೂ ಅಂವಂದಲ್ಲ, ಅಂವನ ಗೆಳ್ಯಾನ ಗೆಳ್ಯಾಂದು. ಹೊಗಳಾಂವಗೂ ಲೆಕ್ಕ ಇಲ್ಲ, ಬೈಯಾಂವಗೂ ಲೆಕ್ಕ ಇಲ್ಲ.

ಅಜ್ಜಾರು ಭಾನುವಾರ ಮನಿ ಬಿಟ್ಟು ಹೊರಗ ಬರಲಿಲ್ಲ. ಸೋಮವಾರ ಅಜ್ಜಿ ಬಂದು ಇಕಿ ಮುಂದ ಕಣ್ಣೀರ ತಗದ್ರು. ಬಂದೂಕು ಮೊಮ್ಮಗಗ ಕೊಟ್ಟುಬಿಡ್ತೇನಿ ಅಂತಾರಂತ, ಗಾಡಿ ಓಡಸೋದೂ ಬಿಡ್ತೇನಿ ಅಂತಾರಂತ. ಕಣ್ಣಿನ ಡಾಕ್ಟರ ಹೋದ ತಿಂಗಳಷ್ಟ ಎಲ್ಲಾ ಬರೋಬ್ಬರಿ ಅದ ಅಂದಿದ್ದ.

ಆ ರಾತ್ರಿ ನನಗ ನಮ್ಮಪ್ಪ ನೆನಪಾದ. ಹಳ್ಳಿ ಸಾಲಿ ಮಾಸ್ತರ. ಮದವ್ಯಾಗ ಮಾವ ಕೊಟ್ಟ ಕೈಗಡಿಯಾರ, ದಿನಾ ಮುಂಜಾನೆ ಕೀಲಿ ಕೊಡಾಂವ. ನಾ ಏಳನೇತ್ತಾ ಇದ್ದಾಗ ಅದು ಹಿಂದ ಬೀಳ್ಳಿಕ್ಕೆ ಶುರುವಾತು. ಸಾಲಿಗೆ ತಡಾ ಆಗ್ಲಿಕತ್ತು, ಹೆಡ್ಮಾಸ್ತರರು ಒಮ್ಮೆ ಅಂದ್ರು. ನಮ್ಮವ್ವ "ಗಡಿಯಾರ ತೋರಸ್ರಿ" ಅಂದ್ಲು. "ಗಡಿಯಾರಕ್ಕೇನಾಗಿಲ್ಲ, ನನ್ನ ನಡಿಗಿ ಸಾವಕಾಶ ಆಗ್ಯದ" ಅಂತ ಅಪ್ಪ ಕಾಲು ತಾಸು ಲಗೂನ ಮನಿ ಬಿಡ್ಲಿಕ್ಕೆ ಶುರು ಮಾಡಿದ. ನಡಿಗಿ ಸಾವಕಾಶ ಆಗಿರಲಿಲ್ಲ. ಅಂವನ ಜೋಡಿ ಹೋಗಬೇಕಾದ್ರ ನಾ ಓಡಬೇಕಾಗ್ತಿತ್ತು.

ಮಂಗಳವಾರ ನಾ ಅಜ್ಜಾರ ಮನಿಗೆ ಹೋಗಿ, "ನಿಮ್ಮ ಕೈ ಕೆಟ್ಟದ ಅಂತೀರಿ, ಒಪ್ಪಿದೆ. ಆದ್ರ ಅಳೀಲಾರದ ಒಪ್ಪೂದು ನನ್ನ ನೌಕರಿಗೆ ಅವಮಾನ. ಒಂದು ಮಧ್ಯಾಹ್ನ ಕೊಡ್ರಿ" ಅಂದೆ. ಹ್ಞೂಂ ಅನ್ನಲಿಕ್ಕೆ ಎರಡು ಕಪ್ ಕಾಫಿ ಹಿಡೀತು.

ಅವರ ಹೊಲದಾಗ ಹಳೇ ಗರಸಿನ ತಗ್ಗದ, ಹಿಂದ ಎತ್ತರದ ಮಣ್ಣಿನ ದಿಬ್ಬ. 100 ಗಜಕ್ಕ ಕಾಗದ ಹಚ್ಚಿದ್ವಿ. ಟೇಬಲ್ಲು, ಉಸುಕಿನ ಚೀಲ, ಅದರ ಮ್ಯಾಲೆ ಬಂದೂಕು. ನಾ ಫ್ಯಾಕ್ಟರಿಯಿಂದ ತಂದ ಟಾರ್ಕ್ ಸ್ಕ್ರೂಡ್ರೈವರಲೇ ದುರ್ಬೀನು ಹಿಡಿಯೋ ಬಳಿಗಳ ಸ್ಕ್ರೂ ಎಲ್ಲಾ ಮದ್ಲ ನೋಡಿದೆ. ಭಾಳ ಸಲ ತಪ್ಪು ಅಲ್ಲೇ ಇರ್ತದ, ಬಯ್ಗಳ ಮಾತ್ರ ಕಾಜಿಗೆ ಬೀಳ್ತದ. ಎಲ್ಲಾ ಬಿಗಿ ಇದ್ವು.

"ಮೂರಲ್ಲ, ಹತ್ತು ಹೊಡೀರಿ" ಅಂದೆ. ಇಪ್ಪತ್ತು ಗುಂಡಿನ ಡಬ್ಬಿ ಕಿಮ್ಮತ್ತು ನಮ್ಮ ಮನಿ ಹಪ್ತೆದ ಕಾಯಿಪಲ್ಲೆ ಖರ್ಚಿನಷ್ಟು. ಅದಕ್ಕ ಯಾರೂ ಹತ್ತು ಹೊಡಿಯಂಗಿಲ್ಲ. ಒಂದಕ್ಕೂ ಇನ್ನೊಂದಕ್ಕೂ ನಡುವ ಕೊಳವಿ ಆರಬೇಕು, ಅಜ್ಜಾರ ಹೆಗಲೂ ಆರಬೇಕು. ಥರ್ಮಾಸಿನ್ಯಾಗ ಶುಂಠಿ ಚಹಾ ಒಯ್ದಿದ್ದೆ. ನಡೂ ನಡೂ ಅವರ ಕೈ ನೋಡ್ತಿದ್ದೆ. ಆ ಥಂಡ್ಯಾಗ ಕಪ್ಪು ಹಿಡದ ಕೈ ನಂದು ನಡಗ್ತಿತ್ತು, ಅವರದಲ್ಲ.

ಕಾಗದ ತಂದು ನೋಡಿದ್ವಿ. ಆರು ತೂತು ಒಂದು ಕಡೆ, ನನ್ನ ಅಂಗೈಯಾಗ ಮುಚ್ಚೋವಷ್ಟು ಜಾಗಾದಾಗ. ನಾಕು ತೂತು ಅಲ್ಲಿಂದ ಬರೋಬ್ಬರಿ ಒಂದು ಗೇಣು ಕೆಳಗ, ಸ್ವಲ್ಪ ಎಡಕ್ಕ, ಅವೂ ಒಂದ ಗುಂಪು. ಕೈ ನಡಗಿದ್ರ ತೂತು ಎಲ್ಲಾ ಕಡೆ ಚೆಲ್ಲಾಪಿಲ್ಲಿ ಬೀಳಬೇಕು. ಎರಡು ಮನಿ ಕಟ್ಟಂಗಿಲ್ಲ.

ಆದ್ರೂ ಬಂದೂಕಿಂದ ದೋಷ ಇರಬಹುದು. ಅದಕ್ಕ ಅಜ್ಜಿಯ ತಮ್ಮನ ಹಂತ್ಯಾಕ ಇದ್ದ ಇನ್ನೊಂದು ಸ್ಕೋಪ್ ತಂದು ಅದ ಬಂದೂಕಿಗೆ ಹಾಕಿದ್ವಿ, ಗುರಿ ಕೂಡಿಸಿದ್ವಿ. ಮತ್ತ ಹತ್ತು. ಹತ್ತೂ ಎರಡು ಇಂಚಿನೊಳಗ! ಎಪ್ಪತ್ನಾಕನೇ ವಯಸ್ಸಿನ್ಯಾಗ, ಸೊನ್ನಿ ಕೆಳಗಿನ ಥಂಡ್ಯಾಗ. ಆಮ್ಯಾಲೆ ಹಳೇದನ್ನ ಮೊಮ್ಮಗನ ಬಂದೂಕಿಗೆ ಕೂಡಿಸಿ ಅವನ ಕಡೆ ಹೊಡಿಸಿದ್ವಿ. ಅಲ್ಲೂ ಎರಡು ಗುಂಪು.

ಒಳಗ ಏನಾಗಿರ್ತದ ಅಂತ ನಾ ಅವರಿಗೆ ಚಿತ್ರಾ ಬರದು ತೋರಿಸಿದೆ. ಹೊರಗಿನ ಕೊಳವಿಯೊಳಗ ಇನ್ನೊಂದು ಸಣ್ಣ ಕೊಳವಿ. ಮ್ಯಾಲಿಂದೊಂದು ಸ್ಕ್ರೂ, ಬಾಜೂದಿಂದೊಂದು ಸ್ಕ್ರೂ ಅದನ್ನ ಒತ್ತಿ ಹಿಡೀತಾವ, ಎದುರಿಂದ ಒಂದು ಸ್ಪ್ರಿಂಗು ತಳ್ಳತದ. ನಾವು ಹೊರಗ ಕಟಕಟ ಅಂತ ತಿರುವಿದಾಗ ಸರಿಯೋದು ಅದ ಸ್ಕ್ರೂ, ಒಂದು ಕಟಕಿಗೆ 100 ಗಜದಾಗ ಸುಮಾರು ಕಾಲು ಇಂಚು. ಸ್ಪ್ರಿಂಗು ಮುದುಕಾತು ಅಂದ್ರ ಗುಂಡಿನ ಹೊಡತಕ್ಕ ಒಳಗಿನ ಕೊಳವಿ ಒಮ್ಮೆ ಇಲ್ಲೆ ಒಮ್ಮೆ ಅಲ್ಲೆ ಕೂಡ್ತದ. ಒಳಗ ಕೂದಲೆಳಿಯಷ್ಟು ಸರದ್ರ ಅಲ್ಲೆ ದೂರದಾಗ ಇಂಚಿನ ಲೆಕ್ಕ. ಕಾಜು ಮಾತ್ರ ನಿಚ್ಚಳ ಇರ್ತದ, ಕಣ್ಣಿಗೆ ಏನೂ ಗೊತ್ತಾಗಂಗಿಲ್ಲ.

ಅಜ್ಜಾರಿಗೆ ಖುಷಿ ಆಗ್ತದ ಅಂತ ತಿಳದಿದ್ದೆ. ಆಗಲಿಲ್ಲ. ಏನೂ ಅನಲಾರದ ಗ್ಯಾರೇಜಿಗೆ ಹೋಗಿ ಒಂದು ಕಾಗದ ತಂದ್ರು. ಅಕ್ಟೋಬರದಾಗ ಹೊಡದ ಕಾಗದ, ತಾರೀಖು ಬರದು ಇಟ್ಟಿದ್ರು. ಮೂರು ತೂತು. ಎರಡು ನಡುವ. ಮೂರನೇದು ಒಂದು ಗೇಣು ಕೆಳಗ, ಸ್ವಲ್ಪ ಎಡಕ್ಕ.

ಇವತ್ತಿನ ಕಾಗದದ ಮ್ಯಾಲೆ ಅದನ್ನ ಇಟ್ಟು ಬೆಳಕಿಗೆ ಹಿಡದ್ರು. ಆ ಮೂರನೇ ತೂತು ಇವತ್ತಿನ ನಾಕರ ಗುಂಪಿನ ನಟ್ಟ ನಡುವ ಬಂತು.

"ಅವತ್ತ ಕಂಡಿತ್ತು ನನಗ. ನನ್ನ ಕೈ ಹಲುಗಿತು ಅಂದೆ. ಇನ್ನ ಮೂರು ಹೊಡದಿದ್ರ ಆ ಜಿಂಕಿ..." ಅಂದು ಮುಂದ ಮಾತಾಡಲಿಲ್ಲ.

ನನ್ನ ಹಂತ್ಯಾಕ ಉತ್ತರ ಇರಲಿಲ್ಲ. ತಪ್ಪು ತಮ್ಮ ಮ್ಯಾಲೆ ಹಾಕ್ಕೊಳ್ಳೋ ಮನಶ್ಯಾರನ್ನ ನಾವು ದೊಡ್ಡವ್ರು ಅಂತೇವಿ. ಅಜ್ಜಾರು ಹಾಕ್ಕೊಂಡದ್ದು ಅಪ್ಪನ ಮಣಕದ ರೊಕ್ಕದ ದುರ್ಬೀನಿಗೆ ಹೆಸರು ಬರಬಾರದು ಅಂತ. ಅದರ ಬೆಲಿ ಹಳ್ಳದ ಆಚೆ ಎಲ್ಲೋ ಬಿದ್ದ ಒಂದು ಪ್ರಾಣಿ ಕೊಟ್ಟಿತು. ಇದನ್ನ ಅವರ ಮುಂದ ಅನ್ನೋ ಅಷ್ಟು ಕಲ್ಲೆದಿ ನಂದಲ್ಲ.

ಅಜ್ಜಿಯ ತಮ್ಮ ಮಾತ್ರ "ನಾ ಹೇಳಿದ್ದಿಲ್ಲಾ, ಆ ಕಂಪನಿ ಮಾಲ ಹಂಗ" ಅಂತ ಊರ ತುಂಬ ಡಂಗುರ ಹೊಡದ. ಐವತ್ತು ವರ್ಷ ಗುಂಡಿನ ಹೊಡತಾ ತಿಂದ ಸ್ಪ್ರಿಂಗು ಸೋತ್ರ ಅದು ಕಂಪನಿ ತಪ್ಪೇನಪಾ ಅಂತ ನಾ ಕೇಳಿದೆ. ಅಂವಗ ಆ ಲೆಕ್ಕ ಬ್ಯಾಡಾಗಿತ್ತು. ಅಂವಂದೂ ಒಂದು ಭಕ್ತೀನ, ಇನ್ನೊಂದು ದೇವರಿಗೆ ಬೈಯೋದ ಅದರಾಗ ಪೂಜಿ.

ಕಂಪನಿಗೆ ಅಜ್ಜಿನ ಫೋನ್ ಮಾಡಿದ್ರು. ಆ ಮಾಡೆಲ್ಲಿನ ಒಳಗಿನ ಸಾಮಾನು ಈಗಿಲ್ಲ, ಕಳಿಸಿಕೊಡ್ರಿ, ಅದರ ಬದ್ಲಿ ಹೊಸಾದ ಕೊಡ್ತೇವಿ, ರೊಕ್ಕಾ ಬ್ಯಾಡ ಅಂದ್ರಂತ. ಭಾಳ ಮರ್ಯಾದಿಲೇ ಮಾತಾಡಿದ್ರಂತ. ಅಜ್ಜಾರು ಕಳಿಸಲಿಲ್ಲ. "ಅವರು ಕೊಡೂದು ಅವರ ದುರ್ಬೀನು. ನಮ್ಮಪ್ಪಂದು ಅವರ ಹಂತ್ಯಾಕ ಎಲ್ಲೆ ಅದ?" ಅಂದ್ರು.

ಕಡೀ ಭಾನುವಾರ, ಒಂಬತ್ತನೇ ದಿವಸ, ಹೆಂಡ್ತಿ ತಮ್ಮನ ಸ್ಕೋಪ್ ಹಾಕ್ಕೊಂಡು ಒಬ್ಬರ ಹೋದ್ರು. ಗುಂಡಿನ ಸಪ್ಪಳ ಕೇಳ್ತದೇನು ಅಂತ ಅಜ್ಜಿ ನಮ್ಮ ಮನ್ಯಾಗ ಬಂದು ಕೂತಿದ್ರು. ಕತ್ತಲಾದ ಮ್ಯಾಲೆ ಬಂದ್ರು. 80 ಗಜದಾಗ ಒಂದು ಹೆಣ್ಣು ಜಿಂಕಿ ಬಂದಿತ್ತಂತ, ಹತ್ತು ಮಿನಿಟು ಸ್ಕೋಪಿನ್ಯಾಗ ನೋಡಿದ್ರಂತ, ಹೊಡಿಲಿಲ್ಲ. "ಕಾಜೇನೋ ಚೊಲೋ ಅದ. ಆದ್ರ ಅವನ ಮುಂದ ಹೇಳಬ್ಯಾಡ" ಅಂದ್ರು.

ಹಳೇ ದುರ್ಬೀನು ಈಗ ನಮ್ಮ ಮನ್ಯಾಗದ. ನನ್ನ ಮಗಳು ಅಡಗಿ ಮನಿ ಕಿಡಕ್ಯಾಗ ಇಟಗೊಂಡು ಕೆಂಪು ಕಾರ್ಡಿನಲ್ ಹಕ್ಕಿ ನೋಡ್ತಾಳ. ಹಕ್ಕಿ ನೋಡ್ಲಿಕ್ಕೆ ಪ್ಲಸ್ಸಿನ ಗೆರಿ ಎಲ್ಲೆ ಕೂತ್ರೇನು. ಅಜ್ಜಾರು ಬಂದಾಗೆಲ್ಲಾ ಅಂಗಿ ಚುಂಗಿಲೇ ಅದರ ಕಾಜು ಒರಸ್ತಾರ.

ಮೊನ್ನೆ ಅವರು ಹಿಂಗ ಒರಸಿಟ್ಟು ಹೋದ ಮ್ಯಾಲೆ ಇಕಿ, "ಮಾವನವರ ಗಡಿಯಾರ ನಿಮ್ಮ ಕಪಾಟಿನ್ಯಾಗ ಅದ ಅಲ್ರಿ, ನಿಮ್ಮ ಫ್ಯಾಕ್ಟರ್‍ಯಾಗ ಮಷೀನ ಮ್ಯಾಲೆ ಇಟ್ಟು ಅದನ್ನ ಯಾವಾಗ ಅಳೀತೀರಿ?" ಅಂತ ಕೇಳಿದ್ಲು.

"ಚಹಾ ಉಕ್ಕತೇನೋ ನೋಡು" ಅಂದೆ.